ಸುಣ್ಣ ಬಳಿದ ಗಾಲಿ

ಆ ರವಿವಾರ ಬೆಳಿಗ್ಗೆ ಮನೋಳಿಯ ತನ್ನ ಮನೆಯ ಅಂಗಳದಲ್ಲಿ ಇಸ್ರಾರ ಉಳಿ ಸುತ್ತಿಗೆ ಹಿಡಿದು ಜೀಪಿನ ಎಡ ಮಡಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಅವನ ತಾಯಿ ಜುಬೇದಾಬಿ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಚಹಾ ಆರಿ ಕೆನೆ ಕಟ್ಟಿದರೂ ಅವಳಿಗೆ ಅದರ ಖಬರಿರಲಿಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿ ಅದು. ಸವದತ್ತಿಯ ಆಚೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸ ನಡೆದಿತ್ತು. ದಿನಾ ಹನ್ನೊಂದು ಆಳುಗಳನ್ನು ಮೇಲೆ ಒಯ್ದು ಸಂಜೆ ಇಳಿಸಿಕೊಂಡು ಬರುವ ಕೆಲಸ ಇಸ್ರಾರನಿಗೆ ಸಿಕ್ಕಿತ್ತು. ಬೆಳಗಾವಿಯ ಮಿಲ್ಟ್ರಿ ಹರಾಜಿನಲ್ಲಿ ಹಿಡಿದ ಹಳೆಯ ಜೀಪು. ದಾರಿಯ ಬಂಡೆಗಳು ಹೊಟ್ಟೆಗೆ ಬಡಿಯುತ್ತವೆಂದು ಎಲ್ಲಿಂದಲೋ ದೊಡ್ಡ ಗಾಲಿ ತಂದು ಹಾಕಿದ. ಜೀಪು ನಾಲ್ಕು ಬೆರಳು ಎತ್ತರವಾಯಿತು, ಇಸ್ರಾರ ಎಂಟು ಬೆರಳು ಎತ್ತರವಾದ. ಮೂರು ದಿನ ಎಲ್ಲ ಸುಸೂತ್ರ. ಶನಿವಾರ ಸಂಜೆ ಆಳುಗಳನ್ನು ತುಂಬಿಕೊಂಡು ಇಳಿಯುವಾಗ ಮೂರನೆಯ ತಿರುವಿನಲ್ಲಿ ಗಾಲಿ ಮಡಗಾರ್ಡಿಗೆ ಸಿಕ್ಕಿಕೊಂಡಿತು. ಸ್ಟೇರಿಂಗ್ ತಿರುಗಲೇ ಇಲ್ಲ. ಮುಂದೆ ಕೊರಕಲು. ಬ್ರೇಕು ಒತ್ತಿ, ಹಿಂದೆ ಸರಿಸಿ, ಹೇಗೋ ಪಾರಾಗಿ ಬಂದ.

ರಾತ್ರಿ ಊಟಕ್ಕೆ ಕುಳಿತಾಗ ಇದನ್ನು ನಗುತ್ತ ಹೇಳಿದ. ಹೆಂಡತಿ ಅಂಬರೀನಳೂ ನಕ್ಕಳು. ಜುಬೇದಾಬಿ ಮಾತ್ರ ನಗಲಿಲ್ಲ. ಅವಳ ಕಣ್ಣಿಗೆ ಕೊರಕಲು ಕಟ್ಟಿತ್ತು. ಸೋಮವಾರ ಬೆಳಿಗ್ಗೆ ಮತ್ತೆ ಹನ್ನೊಂದು ಮಂದಿ, ಮತ್ತೆ ಅದೇ ತಿರುವು.

"ನಿಂದರು," ಎಂದಳು ಈಗ, ಅವನು ಮಡಗಾರ್ಡಿನ ಅಂಚು ಕತ್ತರಿಸಲು ಉಳಿ ಇಟ್ಟಾಗ. "ಖಾಲಿ ಜೀಪಿನ ಮ್ಯಾಲೆ ಗೀಟ ಹಾಕೀದಿ. ಗುಡ್ಡಕ್ಕ ಖಾಲಿ ಒಯ್ಯತೀಯೇನು?"

"ಎರಡು ಬೆರಳ ಅಗಲ ಕತ್ತರಸಾಕತ್ತೇನಿ ಅಮ್ಮಾ. ಸಾಕಾಗತೈತಿ."

"ಸಾಕಾಗತೈತಿ ಅಂತ ನಿನಗ ಯಾರು ಹೇಳಿದ್ರು?"

"ಇದು ಟ್ರಂಕ ಅಲ್ಲ, ಜೀಪ. ನಿನಗ ತಿಳಿಯಂಗಿಲ್ಲ. ಒಳಗ ಹೋಗು."

ಮೂವತ್ತು ವರ್ಷ ತಗಡಿನೊಂದಿಗೆ ಬಾಳಿದ ಹೆಂಗಸಿಗೆ ಈ ಮಾತು! ಸುತ್ತ ಇಪ್ಪತ್ತು ಹಳ್ಳಿಯ ಮದುಮಕ್ಕಳು ಗಂಡನ ಮನೆಗೆ ಒಯ್ದ ಟ್ರಂಕುಗಳೆಲ್ಲ ಅವಳ ಅಂಗಳದಲ್ಲೇ ಹುಟ್ಟಿದವು. ಗಂಡ ಖಾಸಿಮಸಾಬ ಕತ್ತರಿ ಆಡಿಸುತ್ತಿದ್ದ, ಅವಳು ಮೊಳೆಯಿಂದ ಗೀಟು ಎಳೆಯುತ್ತಿದ್ದಳು. ಒಮ್ಮೆ ಮಾತ್ರ, ತೊಂಬತ್ತೆರಡರಲ್ಲೋ ತೊಂಬತ್ಮೂರರಲ್ಲೋ, ಅವಳ ಲೆಕ್ಕ ತಪ್ಪಿತು. ಖಾಲಿ ಇದ್ದಾಗ ಚೆಂದಾಗಿ ಮುಚ್ಚುತ್ತಿದ್ದ ಟ್ರಂಕು ಸೀರೆ ತುಂಬಿದ ಮೇಲೆ ಉಬ್ಬಿ, ಚಿಲಕ ಕೊಂಡಿಗೆ ಮುಟ್ಟಲಿಲ್ಲ. ಬೀಗರ ಎದುರು ಹುಡುಗಿಯ ತಂದೆ ಮುಚ್ಚಳದ ಮೇಲೆ ಕುಳಿತು ಒತ್ತಬೇಕಾಯಿತಂತೆ. ಆ ನಾಚಿಕೆ ಅವಳಿಗೆ ಇಂದಿಗೂ ಹೋಗಿಲ್ಲ. ಅಂದಿನಿಂದ ಒಳಗೆ ಗೋಣಿಚೀಲ ತುಂಬಿ ನೋಡದೆ ಅವಳು ಒಂದು ಚಿಲಕವನ್ನೂ ಬಡಿಸಿಲ್ಲ. ಖಾಸಿಮಸಾಬ ಸತ್ತು ಐದು ವರ್ಷವಾಗಿತ್ತು. ಟ್ರಂಕು ಕೇಳುವವರೂ ಕಡಿಮೆಯಾಗಿದ್ದರು.

ಇಸ್ರಾರ ಉಳಿ ಬಡಿದೇಬಿಟ್ಟ. ಎರಡು ಬೆರಳಗಲದ ತಗಡು ಸುರುಳಿಯಾಗಿ ಕೆಳಗೆ ಬಿತ್ತು.

ಜುಬೇದಾಬಿ ಕಪ್ಪನ್ನು ನೆಲಕ್ಕೆ ಕುಕ್ಕಿದಳು. "ಅಂಬರೀನ, ಗ್ವಾಡಿಗೆ ಹಚ್ಚಿ ಉಳದ ಸುಣ್ಣ ಕಲಸಿಕೊಂಡು ಬಾ," ಎಂದು ಕೂಗಿ, ತಾನೇ ಓಣಿಗಿಳಿದಳು. ಬಗಲ ಮನೆಯ ತಂಗೆವ್ವ, ಟ್ರ್ಯಾಕ್ಟರ್ ಹೊಡೆಯುವ ಶಂಕರೆಪ್ಪ, ಇನ್ನೂ ಎಂಟೊಂಬತ್ತು ಮಂದಿಯನ್ನು ಕರೆದುಕೊಂಡು ಬಂದು ಜೀಪಿನಲ್ಲಿ ತುಂಬಿದಳು.

"ನಾನೊಬ್ಬಾಕಿನ ಸಾಕಲ್ಲಬೇ, ಇಬ್ಬರ ತೂಕ ಅದೇನಿ," ಎಂದಳು ತಂಗೆವ್ವ. ಎಲ್ಲರೂ ನಕ್ಕರು. ಇಸ್ರಾರನ ಮುಖ ಕೆಂಪಾಯಿತು.

ಜುಬೇದಾಬಿ ಜೀಪಿನ ಮುಂದಿನ ಎಡ ಗಾಲಿಗೆ ಹೊರಗೂ ಒಳಗೂ ದಪ್ಪಗೆ ಸುಣ್ಣ ಬಳಿದಳು. "ಈಗ ಆ ಒಗಿಯೋ ಕಲ್ಲಿನ ಮ್ಯಾಲೆ ಈ ಗಾಲಿ ಹತ್ತಸು. ಸ್ಟೇರಿಂಗ್ ಪೂರ್ತಿ ತಿರುವು. ಗುಡ್ಡದಾಗ ಸಪಾಟ ಎಲ್ಲಿ ಐತಿ?"

ಅವನು ಹಲ್ಲು ಕಚ್ಚಿಕೊಂಡು ಹತ್ತಿಸಿದ. ಸ್ಪ್ರಿಂಗಿನ ಪಾಟಾ ಕುಗ್ಗಿ ಜೀಪು ಕಿರುಗುಟ್ಟಿತು. ಗಾಲಿ ತಿರುಗುತ್ತಿದ್ದಂತೆ ಕರ್ ಎಂದು ಉಜ್ಜಿದ ಸದ್ದು. ಇಸ್ರಾರ ಇಳಿದು ನೋಡಿದ. ಅವನು ಕತ್ತರಿಸಿದ ಅಂಚಿನಿಂದ ಮೂರು ಬೆರಳು ಮೇಲೆ ಮಡಗಾರ್ಡಿಗೆ ಬೆಳ್ಳಗೆ ಸುಣ್ಣ ಮೆತ್ತಿತ್ತು.

ಅವನು ತಾಯಿಯ ಮುಖ ನೋಡಲಿಲ್ಲ, ಉಳಿ ಎತ್ತಿಕೊಂಡ. ಅವಳು ಮೊಳೆಯಿಂದ ಗೀಟು ಎಳೆದಳು, ಅವನು ಕತ್ತರಿಸಿದ. ಒಂದು ತಾಸು ಹಿಡಿಯಿತು. ಅವಳು ಅಂಚನ್ನು ಒಳಕ್ಕೆ ಮಡಿಸಿ ಬಡಿದಳು, ಮತ್ತೆ ಸುಣ್ಣ ಬಳಿದಳು, ಮತ್ತೆ ಮಂದಿಯನ್ನು ಹತ್ತಿಸಿದಳು. ಗಾಲಿ ಕಲ್ಲೇರಿ ಪೂರ್ತಿ ತಿರುಗಿತು. ಸದ್ದಿಲ್ಲ. ಮಡಗಾರ್ಡಿಗೆ ಒಂದು ಹನಿ ಸುಣ್ಣವೂ ತಾಗಿರಲಿಲ್ಲ.

"ಆತಲ್ಲ! ಗುಡ್ಡಕ್ಕ ಹೊಂಡರಿ ಇನ್ನ," ಎಂದು ಶಂಕರೆಪ್ಪ ಕೆಳಗೆ ಹಾರಿದ. ಇಸ್ರಾರನ ಮುಖದ ಮೇಲೂ ನಗು ಬಂತು.

ಜುಬೇದಾಬಿಗೆ ಮಾತ್ರ ಸಮಾಧಾನವಾಗಲಿಲ್ಲ. ಬ್ರೇಕು ಗೀಕು ಅವಳಿಗೆ ತಿಳಿಯದು, ಆದರೆ ಬಳಿದ ಸುಣ್ಣ ಎಲ್ಲಿ ಹೋಯಿತೆಂದು ಲೆಕ್ಕ ಹಾಕುವುದು ತಿಳಿದಿತ್ತು. ಗಾಲಿಯ ಒಳಮೈಯಲ್ಲಿ ಒಂದು ಕಡೆ ಸುಣ್ಣ ಅಳಿಸಿತ್ತು. ಹಾಗಾದರೆ ಅದು ಎಲ್ಲಿಗೋ ಹತ್ತಿರಲೇಬೇಕು. ನೆಲಕ್ಕೆ ಕುಳಿತು ಗಾಲಿಯ ಹಿಂದೆ ಕೈ ಹಾಕಿ ತಡಕಿದಳು.

"ಬೇಟಾ, ಇಲ್ಲೊಂದು ಕರಿ ಪೈಪ ಐತಿ. ಅದಕ್ಕ ಸುಣ್ಣ ಹತ್ತೇತಿ. ಏನಿದು?"

ಇಸ್ರಾರ ಜೀಪಿನಡಿ ತೂರಿದ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅವನ ಎರಡು ಪಾದಗಳಷ್ಟೇ ಕಾಣುತ್ತಿದ್ದವು, ಅವು ಅಲುಗಾಡುತ್ತಿರಲಿಲ್ಲ.

"ಬ್ರೇಕಿಂದು," ಎಂದ ಕೊನೆಗೆ ಒಳಗಿನಿಂದಲೇ.

ಶಂಕರೆಪ್ಪ ಬಗ್ಗಿ ನೋಡಿದ. ರಬ್ಬರು ಸವೆದು ಒಳಗಿನ ನೂಲು ಹೊರಬಿದ್ದಿತ್ತು. ಪ್ರತಿ ತಿರುವಿನಲ್ಲೂ ದೊಡ್ಡ ಗಾಲಿ ಅದನ್ನು ಉಜ್ಜುತ್ತಲೇ ಬಂದಿತ್ತು. "ಯಪ್ಪಾ! ಇನ್ನ ನಾಕು ತಿರುವಿಗೆ ಹರದ ಹೋಗತಿತ್ತು," ಎಂದ. ತಂಗೆವ್ವ ಬಾಯಿಗೆ ಸೆರಗು ಹಿಡಿದಳು.

ಹೊರಬಂದ ಇಸ್ರಾರನ ಮುಖ ಬಿಳಿಚಿಕೊಂಡಿತ್ತು. ಆದರೂ ಹುಂಬತನ ಅಷ್ಟು ಬೇಗ ಇಳಿಯುವುದುಂಟೇ? "ಹೊಸಾ ಪೈಪ ಹಾಕಿ, ತಂತಿಲೆ ಮ್ಯಾಲೆ ಎತ್ತಿ ಕಟ್ಟಿದ್ರ ನಡೀತೈತಿ," ಎಂದ. "ನಾಳೆ ಹೋಗದಿದ್ರ ಕೆಲಸಾ ಕೈ ಬಿಡತೈತಿ ಅಮ್ಮಾ."

ಜುಬೇದಾಬಿ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಸುಣ್ಣದ ಕೈಯಿಂದಲೇ ಮಗನ ಅಂಗಿ ಹಿಡಿದುಕೊಂಡಳು.

"ಇಸ್ರಾರ, ನನಗ ಅಂಜಿಕಿ ಆಗತೈತಿ."

ಖಾಸಿಮಸಾಬನನ್ನು ಮಣ್ಣಿಗೆ ಒಯ್ದ ದಿನವೂ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಇಸ್ರಾರ ತಾಯಿಯ ಕೈ ನೋಡಿದ. ಆಮೇಲೆ ಜಾಕು ತಂದು ಜೀಪು ಎತ್ತಿ, ನಾಲ್ಕೂ ದೊಡ್ಡ ಗಾಲಿಗಳನ್ನು ಬಿಚ್ಚಿ ಹಾಕಿದ.

ಸೋಮವಾರ ಗುಡ್ಡದ ಮೇಲಿನವರು ಬೇರೆ ಜೀಪು ಗೊತ್ತು ಮಾಡಿಕೊಂಡರು. ಇಸ್ರಾರ ಹದಿನೈದು ದಿನ ತಾಯಿಯೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಪೈಪು ಹೊಸದಾಯಿತು, ಹಳೆಯ ಗಾಲಿಗಳು ಮರಳಿ ಬಂದವು, ಜೀಪು ಮನೋಳಿ ಸವದತ್ತಿ ನಡುವೆ ಮಂದಿ ತುಂಬಿಕೊಂಡು ಓಡತೊಡಗಿತು. ಅಗಲಕ್ಕೆ ಕತ್ತರಿಸಿದ ಮಡಗಾರ್ಡಿನೊಳಗೆ ಸಣ್ಣ ಗಾಲಿ ನೋಡಿ ನಗದವರಿಲ್ಲ.

ತಗಡು ತರಲು ಜುಬೇದಾಬಿ ಒಂದು ದಿನ ಅದೇ ಜೀಪಿನಲ್ಲಿ ಸವದತ್ತಿಗೆ ಹೊರಟಿದ್ದಳು. ಸ್ಟ್ಯಾಂಡಿನಲ್ಲಿ ಹನುಮಪ್ಪನೆಂಬ ಹಿರಿಯ ಡ್ರೈವರು ಬಾನೆಟ್ ಮೇಲೆ ಕೈಯೂರಿ, "ಇಸ್ರಾರ, ಇದೇನೋ ಅವತಾರ? ಒಂದು ತುಂಡು ತಗಡ ಹಚ್ಚಿ ವೆಲ್ಡಿಂಗ್ ಹೊಡಸಬಾರದೇನು?" ಎಂದ.

ಹಿಂದೆ ತಾಯಿ ಕುಳಿತದ್ದು ಇಸ್ರಾರನಿಗೆ ಮರೆತಿತ್ತೋ ಏನೋ.

"ಬ್ಯಾಡ ಕಾಕಾ, ಹಂಗ ಇರಲಿ," ಎಂದ. "ಅಮ್ಮಾ ಅಲ್ಲಿ ಗೀಟ ಹಾಕಿದ್ದಕ್ಕ ಹನ್ನೊಂದು ಮಂದಿ ಉಳದಾರ. ಹನ್ನೆರಡನೇದಾಂವ ನಾ."

ಜುಬೇದಾಬಿ ಸೆರಗು ಮುಂದಕ್ಕೆ ಎಳೆದುಕೊಂಡು ಹೊರಗೆ ನೋಡುತ್ತ ಕುಳಿತಳು. ಸವದತ್ತಿ ಮುಟ್ಟುವ ತನಕ ಅವಳ ಅಳು ನಿಲ್ಲಲಿಲ್ಲ.