ನೀಲಗಿರಿ ಮರಕ್ಕೆ ನೂರೈವತ್ತು

ನಮ್ಮ ಯಜಮಾನರು ಮರ ಹತ್ತುತ್ತಿದ್ದರು, ರೇಟು ನಾನು ಹೇಳುತ್ತಿದ್ದೆ. ಮೈಸೂರಿನಲ್ಲಿ ನಾವು ಬದುಕು ಮಾಡಿದ್ದೇ ಹೀಗೆ. ಗಂಡಸು ಪಕ್ಕದಲ್ಲೇ ನಿಂತಿರುವಾಗ ಹೆಂಗಸು ರೇಟು ಮಾತಾಡುವುದೇ ಎಂದು ಮೂಗು ಮುರಿದವರಿದ್ದರು. ಮುರಿಯಲಿ, ಅವರ ಮೂಗು ತಾನೆ.

ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ ನಾವು ಊರು ಬಿಟ್ಟೆವು. ಅಣ್ಣತಮ್ಮಂದಿರ ಪಾಲಿನಲ್ಲಿ ನಮಗೆ ಬಂದ ತುಂಡು ಹೊಲ ಕೋಳಿ ಕೆರೆಯುವುದಕ್ಕೂ ಸಾಲುತ್ತಿರಲಿಲ್ಲ. ಬನ್ನಿಮಂಟಪದ ಆಚೆ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಕೊಡಲಿ, ಮಚ್ಚು, ಗರಗಸ, ಉದ್ದದ ಹಗ್ಗ, ಇಷ್ಟೇ ಬಂಡವಾಳ. ಊರಲ್ಲಿ ಎಂಥ ಮರವನ್ನಾದರೂ ಅಳಿಲಿನ ಹಾಗೆ ಹತ್ತುತ್ತಿದ್ದ ಮನುಷ್ಯ, ಪಟ್ಟಣದಲ್ಲಿ ಅದನ್ನೇ ಕಸುಬು ಮಾಡಿಕೊಂಡರು.

ಮೊದಮೊದಲು ರೇಟು ಅವರೇ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದರೆ ಸುಳ್ಳಾಗುತ್ತದೆ. "ಕೊಟ್ಟಷ್ಟು ಕೊಡಿ ಸ್ವಾಮಿ" ಎನ್ನುತ್ತಿದ್ದರು. ಹಾಗೆಂದರೆ ಯಾರು ತಾನೆ ಕೈಬಿಚ್ಚಿ ಕೊಟ್ಟಾರು? ಮನೆಯವರು ಒಂದು ಲೋಟ ಕಾಫಿ ಕೊಟ್ಟರೆ ಇವರು ತಾವಾಗಿಯೇ ಒಂದು ರೂಪಾಯಿ ಇಳಿಸಿಬಿಡುತ್ತಿದ್ದರು. ಒಂದು ಸಲ ವಿದ್ಯಾರಣ್ಯಪುರದಲ್ಲಿ ಎರಡು ದಿನ ಹಲಸಿನ ಮರ ಕಡಿದು, ದುಡ್ಡಿನ ಬದಲು ಯಾರೋ ಹಾಕಿ ಬಿಟ್ಟ ಕರಿ ಕೋಟು ತೊಟ್ಟುಕೊಂಡು ಮನೆಗೆ ಬಂದರು. ಕೆಂಡದಂಥ ಬೇಸಿಗೆ. ಬೆವರು ಧಾರಾಕಾರ ಸುರಿಯುತ್ತಿದೆ, ಮುಖದಲ್ಲಿ ನಗು ಬೇರೆ.

"ಒಳ್ಳೇ ಉಣ್ಣೆ ಕಣೇ, ಮುಟ್ಟಿ ನೋಡು."

"ಮುದ್ದೆಗೆ ಇದನ್ನೇ ಸಾರು ಮಾಡ್ಲಾ? ತೋಳು ನಿಮಗಿರ್ಲಿ, ಜೇಬು ನನಗಿರ್ಲಿ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಕಣ್ರೀ!" ಎಂದು ಕಿರುಚಿದೆ.

ಮಾರನೆಯ ದಿನದಿಂದ ಅವರ ಹಿಂದೆಯೇ ಹೊರಟೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ನಮ್ಮಿಬ್ಬರಲ್ಲಿ ಬಾಯಿ ಇದ್ದದ್ದು ನನಗೆ. ಬೇಗನೆ ಕಲಿತೆ. ರೇಟು ಹೇಳುವಾಗ ಮರ ನೋಡಬಾರದು, ಮರದ ಕೆಳಗೆ ಏನಿದೆ ಎಂದು ನೋಡಬೇಕು. ಖಾಲಿ ಹಿತ್ತಲಿದ್ದರೆ ಒಂದು ರೇಟು. ಹೆಂಚಿನ ಮಾಡು ಇದ್ದರೆ, ಬಾವಿಯಿದ್ದರೆ, ಕರೆಂಟಿನ ತಂತಿ ಹಾದಿದ್ದರೆ ಬೇರೆ ರೇಟು, ಯಾಕೆಂದರೆ ಆಗ ಒಂದೊಂದು ಕೊಂಬೆಯನ್ನೂ ಹಗ್ಗ ಕಟ್ಟಿ ಮಗುವನ್ನು ಇಳಿಸಿದಂತೆ ಇಳಿಸಬೇಕು. ಸೌದೆ ಯಾರಿಗೆ ಎನ್ನುವುದನ್ನು ಮೊದಲೇ ಮಾತಾಡಬೇಕು. ಕಾಫಿಯನ್ನು ಕೆಲಸ ಮುಗಿದ ಮೇಲೆಯೇ ಕುಡಿಯಬೇಕು. ಕೆಲಸದ ಹೊತ್ತಿನಲ್ಲಿ ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ಈ ತುದಿ ನನ್ನ ಕೈಯಲ್ಲೇ ಇರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರದು ಹಟ. ಬಾಗಿಲಿಗೆ ಬಂದ ಕೆಲಸಕ್ಕೆ ಇಲ್ಲ ಅನ್ನಬಾರದು. "ಬಂದ ಲಕ್ಷ್ಮೀನ ಕಾಲಲ್ಲಿ ಒದ್ದಂಗೆ" ಎನ್ನುವರು. ರೇಟು ಕುದುರದೆ ಗಿರಾಕಿ ತಾನಾಗಿ ಹೋದರೆ ಅದು ಬೇರೆ. ನಮ್ಮ ಬಾಯಿಂದ ಆಗಲ್ಲ ಅನ್ನುವ ಮಾತು ಬರಕೂಡದು.

ಹೀಗೇ ಏಳೆಂಟು ವರ್ಷ ಕೈಗೂ ಬಾಯಿಗೂ ಸರಿಹೋಯಿತು. ಆಮೇಲೆ ಒಂದು ದಿನ ಹುಣಸೆ ಮರದ ಮೇಲೆ ಅವರ ಕಾಲ ಕೆಳಗಿನ ಒಣಕೊಂಬೆ ಲಟಕ್ಕನೆ ಮುರಿಯಿತು. ಕೈಯಲ್ಲಿ ಹಿಡಿದಿದ್ದ ಕೊಂಬೆ ಗಟ್ಟಿಯಿತ್ತು, ಜೋತಾಡಿ ಬದುಕಿಕೊಂಡರು. ತರಚುಗಾಯ ಕೂಡ ಆಗಲಿಲ್ಲ. ನಾನು ದೇವರಿಗೆ ಕಾಯಿ ಒಡೆಸಿ ಸುಮ್ಮನಾದೆ.

ಆದರೆ ಅವರೊಳಗೆ ಏನೋ ಮುರಿದಿತ್ತು. ಕೆಳಗೆ ಹಗ್ಗ ಬಿಗಿಯುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳತೊಡಗಿದರು. ಹತ್ತಿದ ಮೇಲೆ ಕವಲಿನಲ್ಲಿ ಕುಳಿತು, ಕೊಡಲಿ ಎತ್ತದೆ ಸುಮ್ಮನೆ ಬೀಡಿ ಸೇದುವರು. ಒಂದು ದಿನ ಕೆಳಗಿನಿಂದ ನೋಡಿದೆ, ಮೊಣಕಾಲು ಗಡಗಡ ನಡುಗುತ್ತಿದೆ. ಇಳಿದ ಮೇಲೆ "ಯಾಕ್ರೀ?" ಎಂದೆ. "ಕೆಂಜಿಗ ಕಚ್ತು" ಎಂದರು. ಆ ಮರದಲ್ಲಿ ಒಂದು ಇರುವೆಯೂ ಇರಲಿಲ್ಲ.

ಹೆದರಿಕೆ ಹೊಕ್ಕ ಮೇಲೆ ಮರ ಹತ್ತಬಾರದು, ಬೀಳುತ್ತಾರೆ. ಇದು ನನಗೆ ಗೊತ್ತು, ಅವರಿಗೆ ಇನ್ನೂ ಚೆನ್ನಾಗಿ ಗೊತ್ತು. ಹತ್ತಬೇಡಿ ಎಂದು ನಾನು ಬಾಯಿಬಿಟ್ಟು ಹೇಳಿದರೆ ಆ ಮನುಷ್ಯ ನೆಲದ ಮೇಲೆ ನಿಂತಲ್ಲೇ ಕುಸಿದುಹೋಗುತ್ತಿದ್ದರು. ಮಂದಿಗೆಲ್ಲ ಹೆದರದ ನನ್ನ ಬಾಯಿ ಅಲ್ಲಿ ಕಟ್ಟಿಹೋಯಿತು. ಆದರೆ ರೇಟು ನನ್ನ ಕೈಯಲ್ಲಿತ್ತಲ್ಲ! ಬಾಳೆ, ಸೀಬೆ, ನುಗ್ಗೆ, ಬೇಲಿ ಸವರುವ ಕೆಲಸಕ್ಕೆಲ್ಲ ನ್ಯಾಯವಾದ ರೇಟು ಹೇಳುತ್ತಿದ್ದೆ. ಎತ್ತರದ ಮರವಾದರೆ ಹದಿನೈದರ ಕೆಲಸಕ್ಕೆ ಐವತ್ತು.

"ಏನಮ್ಮಾ, ಮರ ಕಡಿಯೋಕೆ ಕೇಳ್ತಿದ್ದೀಯೋ, ಇಡೀ ಹಿತ್ತಲು ಬರೆದು ಕೊಡೋಕೆ ಕೇಳ್ತಿದ್ದೀಯೋ?" ಎಂದು ಬೈದು ಹೋಗುವರು. ಹೋಗುವವರ ಬೆನ್ನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಗಂಟುಮೂತಿ, ದುರಾಸೆಯವಳು ಎಂದು ಹೆಸರೂ ಬಂತು. ಮನೆಯಲ್ಲಿ ಸಾರು ನೀರಾಯಿತು, ಮುದ್ದೆ ಚಿಕ್ಕದಾಯಿತು. "ಜನ ಜಿಪುಣರಾಗ್ಬುಟ್ರು ಕಣ್ರೀ" ಎನ್ನುತ್ತಿದ್ದೆ. ಅವರು "ಹೂಂ" ಎಂದು ತಟ್ಟೆ ನೋಡುತ್ತಿದ್ದರು.

ಹೀಗಿರುವಾಗ ಯಾದವಗಿರಿಯ ಬಂಗಲೆಯೊಂದರಿಂದ ಕರೆ ಬಂತು. ರಿಟೈರಾದ ಎಂಜಿನಿಯರೊಬ್ಬರ ಮನೆ. ಅಡುಗೆಮನೆಯ ಹೆಂಚಿನ ಮೇಲಕ್ಕೆ ಒಂದು ನೀಲಗಿರಿ ಮರ ವಾಲಿಕೊಂಡಿತ್ತು. ಕೊಂಬೆಯಿಲ್ಲದ ನುಣ್ಣನೆಯ ಬೊಡ್ಡೆ, ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯಬೇಕು. ತುದಿಯಿಂದ ತುಂಡುತುಂಡಾಗಿ ಇಳಿಸಬೇಕಾದ ಕೆಲಸ. ಮೂವತ್ತು ಕೇಳಿದ್ದರೆ ನ್ಯಾಯ. ನಾನು ಕಣ್ಣು ಮಿಟುಕಿಸದೆ "ನೂರೈವತ್ತು" ಎಂದೆ.

ನಮ್ಮ ಯಜಮಾನರು ಹೂವಿನ ಕುಂಡಗಳ ಹತ್ತಿರ ನಿಂತಿದ್ದರು. ಎಂಜಿನಿಯರು ಮರವನ್ನೊಮ್ಮೆ, ಮಾಡನ್ನೊಮ್ಮೆ ನೋಡಿದರು. "ಆಗಲಿ. ನಾಳೆ ಬೆಳಿಗ್ಗೆ ಬನ್ನಿ" ಎಂದು ಹತ್ತು ರೂಪಾಯಿ ಮುಂಗಡ ನನ್ನ ಕೈಗಿಟ್ಟು ಒಳಗೆ ಹೋದರು.

ಸುಳ್ಳೇಕೆ ಹೇಳಲಿ. ಆ ಗಳಿಗೆಯಲ್ಲಿ ನಾನು ಹೆದರಲಿಲ್ಲ. ನೂರೈವತ್ತು ರೂಪಾಯಿ! ನನ್ನ ಕಣ್ಣಿಗೆ ಕಂಡದ್ದು ಒಂದು ಜೊತೆ ಕೆಂಪು ಹರಳಿನ ಓಲೆ. ಮದುವೆಯಾದಾಗಿನಿಂದ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದವಳು ನಾನು. ಓಲೆ ಕಣ್ಣಿನಿಂದ ಮರೆಯಾಗಿ ಮರ ಕಾಣಿಸುವ ಹೊತ್ತಿಗೆ ನಾವು ರಸ್ತೆಗೆ ಬಂದಿದ್ದೆವು, ಮುಂಗಡ ಸೆರಗಿನ ಗಂಟು ಸೇರಿತ್ತು. ಯಜಮಾನರು ಮುಂದೆ ಮುಂದೆ ನಡೆಯುತ್ತಿದ್ದರು.

ಮಾರನೆಯ ಬೆಳಿಗ್ಗೆ ಅವರು ಮರದ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಾದಕ್ಕೆ ಹಗ್ಗದ ಕುಣಿಕೆ ಹಾಕಿಕೊಂಡು ಹತ್ತಿದರು. ಎರಡಾಳು ಎತ್ತರ ಹತ್ತಿ ನಿಂತರು. ನಿಂತೇ ಇದ್ದರು. ಅವರ ಸೊಂಟದಿಂದ ಹಗ್ಗದುದ್ದಕ್ಕೂ ನಡುಕ ಇಳಿದು ನನ್ನ ಅಂಗೈಗೆ ಬಂತು. ಅಯ್ಯೋ ಶಿವನೇ, ಇಡೀ ಮನುಷ್ಯ ನನ್ನ ಕೈಯಲ್ಲಿ ನಡುಗುತ್ತಿದ್ದರು.

"ಇಳೀರಿ!" ಎಂದೆ.

"ಸುಮ್ಕಿರು."

"ಇಳೀರಿ ಅಂದ್ರೆ ಇಳೀರಿ! ಅವ್ರು ಒಪ್ಪಬಾರ್ದು ಅಂತಾನೇ ನೂರೈವತ್ತು ಅಂದದ್ದು ನಾನು. ಒಪ್ಕೊಂಡ್ಬುಟ್ರು, ನನ್ ಗ್ರಾಚಾರ. ನೀವು ಇಳೀದೆ ಇದ್ರೆ ನಾನೇ ಹತ್ತಿ ಬಂದ್ಬುಡ್ತೀನಿ!"

ಗದ್ದಲ ಕೇಳಿ ಎಂಜಿನಿಯರು ಪೇಪರು ಹಿಡಿದುಕೊಂಡೇ ಹೊರಗೆ ಬಂದರು. ಯಜಮಾನರು ಇಂಚಿಂಚಾಗಿ ಇಳಿದರು. ನಾನು ಸೆರಗಿನ ಗಂಟು ಬಿಚ್ಚಿ ಮುಂಗಡ ವಾಪಸು ಕೊಡುವುದರಲ್ಲಿದ್ದೆ. ಅಷ್ಟರಲ್ಲಿ ಯಜಮಾನರೇ ಮುಂದೆ ಬಂದು, ತಲೆ ತಗ್ಗಿಸದೆ, "ನನ್ನ ಕೈಲಿ ಆಗಲ್ಲ ಸ್ವಾಮಿ. ಕಾಲು ನಿಲ್ತಾ ಇಲ್ಲ" ಎಂದರು.

ಆ ಹಿರಿಯರು ಬೈಯಲಿಲ್ಲ. "ಹತ್ತೋ ಹುಡುಗರನ್ನ ನಾನು ಕರೆಸ್ತೀನಿ. ಎಲ್ಲಿ ಕಡಿದ್ರೆ ಎತ್ತ ಬೀಳುತ್ತೆ ಅಂತ ಕೆಳಗೆ ನಿಂತು ನೀನು ಹೇಳು, ಸಾಕು" ಎಂದರು. ಮುಂದಿನ ವಾರ ಹಾಗೆಯೇ ಆಯಿತು, ಒಂದು ಹೆಂಚೂ ಒಡೆಯಲಿಲ್ಲ. ಮುಂದಕ್ಕೆ ನಮ್ಮ ಬದುಕೂ ಅದೇ ದಾರಿ ಹಿಡಿಯಿತು. ಬೇರೆಯವರು ಹತ್ತುತ್ತಿದ್ದರು, ಇವರು ನೆಲದ ಮೇಲೆ ನಿಂತು ಹೇಳುತ್ತಿದ್ದರು.

ಆದರೆ ಮರದಿಂದ ಅರ್ಧಕ್ಕೇ ಇಳಿದ ಆ ದಿನ, ವಾಪಸು ಬರುವಾಗ ರೈಲು ಹಳಿಯ ಹತ್ತಿರದ ಮೋರಿ ಕಟ್ಟೆಯ ಮೇಲೆ ಅವರು ಕುಳಿತುಬಿಟ್ಟರು. ನಾನೂ ಗರಗಸ ಇಳಿಸಿ ಪಕ್ಕದಲ್ಲಿ ಕುಳಿತೆ. ರೇಟಿನ ಗುಟ್ಟು ಬಚ್ಚಿಟ್ಟದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ.

"ನಂಗೊತ್ತಿತ್ತು ಕಣೇ" ಎಂದರು. "ಸೀಬೆ ಗಿಡಕ್ಕೆ ಎಂಟಾಣೆ ಹೇಳೋಳು, ಎತ್ರದ ಮರಕ್ಕೆ ಬಾಯಿಗ್ ಬಂದಂಗೆ ಹೇಳ್ತಿದ್ರೆ ನಂಗೆ ತಿಳಿಯಾಕಿಲ್ವಾ? ಒಂದೊಂದ್ಸಲ, ಇನ್ನೊಂದಿಪ್ಪತ್ತು ಸೇರ್ಸೇ ತಾಯಿ, ಗಿರಾಕಿ ಒಪ್ಕೊಳಂಗವ್ನೆ ಅಂತ ಒಳಗೊಳಗೇ ಬೇಡ್ಕೋತಿದ್ದೆ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ತಿಂಗಳುಗಟ್ಟಲೆ ಇಬ್ಬರೂ ಒಂದೇ ನಾಟಕ ಆಡಿದ್ದೆವು. "ಮತ್ತೆ ಇವತ್ಯಾಕೆ ಹತ್ತಿದ್ರಿ? ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಹತ್ತಿದ್ರಿ?" ಎಂದು ಅವರ ತೋಳು ಹಿಡಿದು ಅಲ್ಲಾಡಿಸಿದೆ.

"ನೆನ್ನೆ ಅವ್ರು ಆಗಲಿ ಅಂದಾಗ ನಿನ್ ಮುಖ ನೋಡ್ದೆ. ಅಷ್ಟು ಆಸೆಯಾಗಿ ನೀನು ಏನ್ನೂ ನೋಡಿದ್ದು ನಾ ಕಾಣೆ. ಏನ್ ಆಸೆಯೋ ಏನೋ, ಇದೊಂದ್ಸಲ ಹತ್ಬುಡಣ ಅನ್ನಿಸ್ತು."

ಅವರ ಬೆನ್ನಿಗೆ ಒಂದು ಗುದ್ದಿದೆ. ಆಮೇಲೆ ರಸ್ತೆ ಎನ್ನುವುದನ್ನೂ ನೋಡದೆ ಗೋಳೋ ಎಂದು ಅತ್ತೆ. ಒಂದು ಜೊತೆ ಓಲೆಗಾಗಿ ಈ ಮನುಷ್ಯನನ್ನು ನಾನು ಅರೆಗಳಿಗೆ ಮರೆತಿದ್ದೆ. ಅದನ್ನು ಅವರು ಕಣ್ಣಾರೆ ಕಂಡಿದ್ದರು, ಕಂಡೂ ಹತ್ತಿದ್ದರು.

"ಜನ ನೋಡ್ತಾರೆ, ಸುಮ್ಕಿರೇ" ಎಂದರು.

"ನೋಡ್ಲಿ" ಎಂದೆ.

ಅವರ ಮೊಣಕಾಲು ಇನ್ನೂ ನಡುಗುತ್ತಿತ್ತು. ಪಂಚೆಯ ಮೇಲಿಂದಲೇ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದೆ. ಅವರು ಬೇಡ ಎನ್ನಲಿಲ್ಲ. ಬಿಸಿಲು ಏರಿತು, ಒಂದು ರೈಲು ಹೋಯಿತು. ನಡುಕ ನಿಂತ ಮೇಲೆ ಎದ್ದು ಮನೆಗೆ ಹೋದೆವು.