ಬೊಗಳದ ನಾಯಿಯ ಕಾಂಪೌಂಡರು

ಅವರ ಎಡಗೈ ಬಲಗೈಗಿಂತ ಬಿಳುಪಾಗಿತ್ತು. ಬೆರಳ ತುದಿಯಿಂದ ತೋಳಿನವರೆಗೂ ಚರ್ಮ ನಯವಾಗಿ, ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಕಿರುಗಾವಲಿನ ಹೈಸ್ಕೂಲಿಗೆ ವರ್ಗವಾಗಿ ಬಂದು ಅವರ ಪಕ್ಕದ ಮನೆಗೆ ಬಾಡಿಗೆಗೆ ಸೇರಿದ ಹೊಸದರಲ್ಲಿ ನಾನು ಅದನ್ನು ತೊನ್ನು ಎಂದುಕೊಂಡಿದ್ದೆ. ಆಮೇಲೆ ಅವರ ಹೆಂಡತಿಯೇ ನಗುತ್ತಾ ವಿಷಯ ಹೇಳಿದರು. ಮೂವತ್ತನಾಲ್ಕು ವರ್ಷ ದನದ ಆಸ್ಪತ್ರೆಯಲ್ಲಿ ಹಸು ಎಮ್ಮೆಗಳ ಗರ್ಭ ನೋಡಲು ಒಳಗೆ ಹಾಕಿದ ಕೈ ಅದು. ದಿನಕ್ಕೆ ಹತ್ತು ಸಲ ಸೋಪು ಹಚ್ಚಿ ತಿಕ್ಕಿ ತೊಳೆದು ಆ ಬಣ್ಣಕ್ಕೆ ಬಂದಿತ್ತು.

ಊರಿಗೆಲ್ಲ ಅವರು ಕಾಂಪೌಂಡರು. ನಿವೃತ್ತಿಯಾಗಿ ವರ್ಷವಾಗಿದ್ದರೂ ಬೆಳಗಾದರೆ ಅವರ ಜಗುಲಿಯ ಮುಂದೆ ಒಂದಾದರೂ ಕರುವೋ ಮೇಕೆಯೋ ನಿಂತಿರುತ್ತಿತ್ತು. ತಂದವರು ಬಾಯಿ ತೆರೆದ ತಕ್ಷಣ ಅವರು ಕೈ ಎತ್ತಿ ತಡೆಯುತ್ತಿದ್ದರು.

"ನೀನು ಸುಮ್ಕಿರ್ಲಾ. ಮೊದ್ಲು ಅದು ಮಾತಾಡ್ಲಿ."

ಆಮೇಲೆ ಹತ್ತು ನಿಮಿಷ ಆ ಪ್ರಾಣಿಯನ್ನು ನೋಡುತ್ತಾ ಕೂರುತ್ತಿದ್ದರು. ಹೇಗೆ ನಿಲ್ಲುತ್ತದೆ, ಯಾವ ಕಾಲಿಗೆ ಭಾರ ಬಿಡುತ್ತದೆ, ಉಸಿರು ಎಲ್ಲಿಂದ ಬರುತ್ತಿದೆ, ಸಗಣಿ ಹೇಗಿದೆ. ಔಷಧಿ ಮಾತ್ರ ಕೊಡುತ್ತಿರಲಿಲ್ಲ. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಏನು ಹೇಳಬೇಕು ಎಂಬುದನ್ನು ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ದಿನವೂ ಜಗುಲಿಯ ಮೇಲೆ ಕುಳಿತು ಪುಟ್ಟ ಮಿಷನ್ನಿನಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡು, ಬಂದ ಅಂಕಿಯನ್ನು ಅಡುಗೆ ಮನೆಯಲ್ಲಿದ್ದ ಹೆಂಡತಿಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದರು. ಇನ್ನೂರು ದಾಟಿದ ದಿನ ದನಿ ತಾನೇ ತಾನಾಗಿ ಸಣ್ಣದಾಗುತ್ತಿತ್ತು. ಹಿಂದಿನ ದಿನ ಆಲೆಮನೆಯ ಕಡೆ ಹೋಗಿದ್ದರು ಎಂದು ನಮಗೆಲ್ಲ ಗೊತ್ತಾಗುತ್ತಿತ್ತು.

ನಮ್ಮ ಮನೆಗೆ ಕೆಂಪಿ ಬಂದದ್ದು ಆ ವರ್ಷವೇ. ಮಂಡ್ಯದಲ್ಲಿದ್ದ ನನ್ನ ಗೆಳತಿಯೊಬ್ಬಳು ಆಸೆಪಟ್ಟು ತಂದ ಬಸೆಂಜಿ ತಳಿಯ ನಾಯಿ ಅದು. ಮೂಲ ಆಫ್ರಿಕಾದ್ದು. ಮೈಯೆಲ್ಲ ಕೆಂಪು, ನಾಲ್ಕು ಪಾದ ಮತ್ತು ಎದೆ ಬಿಳಿ, ಬೆನ್ನಿನ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡ ಬಾಲ, ಹಣೆಯ ಮೇಲೆ ಸದಾ ಏನೋ ಚಿಂತೆಯಲ್ಲಿರುವಂಥ ನೆರಿಗೆ. ಒಂದು ವರ್ಷದೊಳಗೆ ಅದು ಗೆಳತಿಯ ಎರಡು ಸೋಫಾ ಹರಿದು, ಮೂರು ಸಲ ಗೋಡೆ ಹಾರಿ, ಅವಳ ಕೈಮೀರಿತ್ತು. ಬೇರೆ ಯಾರಿಗೋ ಕೊಡುತ್ತೇನೆಂದು ಹೊರಟವಳನ್ನು ತಡೆದು ನಾನು ಕರೆತಂದೆ.

ಬಸೆಂಜಿ ಬೊಗಳುವುದಿಲ್ಲ. ಇದು ತಿಳಿದ ದಿನ ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಬೊಗಳ್ದೆ ಇರೋ ನಾಯಿ ತಕಂಬಂದು ಏನ್ ಮಾಡೀಯೆ? ಕಳ್ಳ ಬಂದ್ರೆ ನಾನ್ ಬೊಗಳ್ಬೇಕಾ?"

ಊರಿನವರೂ ಅಷ್ಟೇ. ದಾರಿಯಲ್ಲಿ ಹೋಗುವವರು ಗೇಟಿನ ಬಳಿ ನಿಂತು, ಬೇಕೆಂದೇ ಅದನ್ನು ಕೆಣಕಿ, ಸದ್ದು ಬರುತ್ತದೇನೋ ಎಂದು ಕಾಯುತ್ತಿದ್ದರು. ಕೆಂಪಿ ಅವರನ್ನು ದಿಟ್ಟಿಸಿ ನೋಡಿ, ಬೆಕ್ಕಿನ ಹಾಗೆ ಮುಂಗಾಲು ನೆಕ್ಕಿ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು.

ಕಾಂಪೌಂಡರು ಮಾತ್ರ ಕೆಣಕಲಿಲ್ಲ. ಪಂಚೆ ಎತ್ತಿಕಟ್ಟಿ ನಮ್ಮ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅರ್ಧ ಗಂಟೆ ಸುಮ್ಮನೆ ನೋಡಿದರು. ಅವಳು ನಿಧಾನವಾಗಿ ಹತ್ತಿರ ಬಂದು ಅವರ ಎಡಗೈಯನ್ನು ತುದಿಯಿಂದ ತೋಳಿನವರೆಗೂ ಮೂಸಿದಳು. ಆಮೇಲೆ ಕತ್ತು ಮೇಲೆತ್ತಿ, ಗಂಟಲೊಳಗಿಂದ ಹಾಡಿನ ಆಲಾಪದಂಥ ಒಂದು ಉದ್ದನೆಯ ಸ್ವರ ತೆಗೆದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

"ಬೊಗಳಾಕ್ ಬರಾಕಿಲ್ಲ ಅಂದ್ರಲ್ಲ ಟೀಚರಮ್ಮ," ಎಂದರು ಅವರು. "ಇದು ಮಾತಾಡ್ತದೆ ಕಣಮ್ಮ."

ಅಲ್ಲಿಂದ ಮುಂದೆ ಕೆಂಪಿ ನಮ್ಮಷ್ಟೇ ಅವರಿಗೂ ಸೇರಿದವಳಾದಳು. ಅವಳಿಗೆ ನೀರೆಂದರೆ ಆಗದು. ನಾಲ್ಕು ಹನಿ ಬಿದ್ದರೂ ಹೊಸಿಲು ದಾಟುತ್ತಿರಲಿಲ್ಲ. ಮಳೆ ಹಿಡಿದ ದಿನ ಕಾಂಪೌಂಡರು ಕೊಡೆ ಬಿಚ್ಚಿಕೊಂಡು ಬಂದು, ಅದನ್ನು ಅವಳ ತಲೆಯ ಮೇಲೆ ಹಿಡಿದು, ತಾವು ನೆನೆಯುತ್ತಾ ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ಅತ್ತೆ ಕಿಟಕಿಯಲ್ಲಿ ನಿಂತು, "ಕಟ್ಕಂಡೋಳಿಗೆ ಒಂದಿನಾನೂ ಕೊಡೆ ಇಡ್ದಿಲ್ವಂತೆ ಈವಯ್ಯ," ಎನ್ನುತ್ತಿದ್ದರು.

ಒಂದು ಸಂಜೆ ಅವಳು ಕಾಂಪೌಂಡ್ ಗೋಡೆ ಹತ್ತಿ ಹಾರಿ ನಾಲೆ ಏರಿಯ ಮೇಲೆ ಓಟ ಕಿತ್ತಳು. ನಾನು ಹಿಂದೆ ಓಡಿದಷ್ಟೂ ಅವಳು ಮುಂದೆ ಓಡಿದಳು. ಪಕ್ಕದ ಕಬ್ಬಿನ ಗದ್ದೆಗೆ ನುಗ್ಗಿದರೆ ಸಿಗುವ ಮಾತಿಲ್ಲ. ನನ್ನ ಹಿಂದೆಯೇ ಬಂದ ಕಾಂಪೌಂಡರು, "ಅಟ್ಟಿಸ್ಕಂಡ್ ಓಗ್ಬ್ಯಾಡಿ, ಬೆನ್ ತಿರುಗ್ಸಿ ಓಡಿ," ಎಂದು ಕೂಗಿದರು. ಅರವತ್ತು ದಾಟಿದ ಆ ಮನುಷ್ಯ ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ನಾಯಿಗೆ ಬೆನ್ನು ತಿರುಗಿಸಿ ಊರ ಕಡೆ ಓಡತೊಡಗಿದರು. ಕೆಂಪಿ ನಿಂತು ನೋಡಿದಳು. ತನ್ನನ್ನು ಬಿಟ್ಟು ಯಾರೋ ಓಡುತ್ತಿರುವುದು ಅವಳಿಗೆ ಸಹಿಸಲಾಗಲಿಲ್ಲ. ಎರಡೇ ನಿಮಿಷದಲ್ಲಿ ಅವರನ್ನು ಹಿಂದೆ ಹಾಕಿ ನಮ್ಮ ಗೇಟಿನೊಳಗೆ ಬಂದು ನಿಂತಿದ್ದಳು.

ಅವಳಿಗೆ ಐದು ತುಂಬಿದ ವರ್ಷ ಕಷ್ಟ ಶುರುವಾಯಿತು. ನೀರು ಕಂಡರೆ ದೂರ ಓಡುತ್ತಿದ್ದ ನಾಯಿ ಬಕೆಟ್ಟಿಗೇ ಬಾಯಿ ಹಾಕಿ ಕುಡಿಯತೊಡಗಿತು. ಮನೆಯಲ್ಲಿ ಒಂದು ದಿನವೂ ಗಲೀಜು ಮಾಡದವಳು ನಡುಮನೆಯಲ್ಲಿ, ಹಾಸಿಗೆಯಲ್ಲಿ, ದೇವರ ಮನೆಯ ಬಾಗಿಲಲ್ಲಿ ಉಚ್ಚೆ ಹೊಯ್ದು ನಾಚಿಕೆಯಿಂದ ಮಂಚದ ಕೆಳಗೆ ಸೇರುತ್ತಿದ್ದಳು. ತಿಂದದ್ದು ಮೈಗೆ ಹತ್ತಲಿಲ್ಲ. ಪಕ್ಕೆಲುಬು ಎಣಿಸುವ ಹಾಗಾಯಿತು. ಕಾಂಪೌಂಡರು ಆಗ ಮೊಮ್ಮಗುವಿನ ನಾಮಕರಣಕ್ಕೆಂದು ಮಗಳ ಊರಿಗೆ ಹೋಗಿ ಹದಿನೈದು ದಿನವಾಗಿತ್ತು. ನಾನು ಕಾಯದೆ ಅವಳನ್ನು ದೊಡ್ಡ ಊರಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದೆ. ಅವತ್ತು ಅಲ್ಲಿ ನಾಯಿ ಬೆಕ್ಕುಗಳ ಸಾಲೇ ಇತ್ತು. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ತುಂಬಾ ಬಂತು. ಸಕ್ಕರೆ ಕಾಯಿಲೆ, ನಾಳೆಯಿಂದಲೇ ಇನ್ಸುಲಿನ್ ಶುರು ಮಾಡಿ ಎಂದರು. ಚುಚ್ಚುವ ಕ್ರಮವನ್ನೂ ತೋರಿಸಿಕೊಟ್ಟರು. ಐಸು ತುಂಬಿದ ಫ್ಲಾಸ್ಕಿನಲ್ಲಿ ಔಷಧಿ ಇಟ್ಟುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಭಾನುವಾರ. ಕಾಂಪೌಂಡರು ಹಿಂದಿರುಗಿದ್ದರು. ಚುಚ್ಚಿಕೊಡಲು ಅವರನ್ನೇ ಕರೆದೆ. ಅವರು ಸಿರಿಂಜು ಮುಟ್ಟಲಿಲ್ಲ. ಕೆಂಪಿಯ ಮುಂದೆ ಕುಳಿತು ಎಂದಿನಂತೆ ನೋಡಿದರು. ಆಮೇಲೆ ಮನೆಗೆ ಹೋಗಿ ತಮ್ಮ ಮಿಷನ್ನು ತಂದು, ಅವಳ ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ ತೆಗೆದರು. ತೊಂಬತ್ತು ಬಂತು.

"ರಕ್ತದಾಗೆ ಸಕ್ಕರೆ ಜಾಸ್ತಿ ಇಲ್ವಲ್ಲ," ಎಂದರು.

"ನಿಮ್ಮ ಮಿಷನ್ನು ಮನುಷ್ಯರದು. ಅದು ಕೆಟ್ಟಿರಬಹುದು," ಎಂದೆ ನಾನು.

ಅವರು ಇನ್ನೊಂದು ಪಟ್ಟಿ ಹಾಕಿ ತಮ್ಮ ಬೆರಳಿಗೆ ಚುಚ್ಚಿಕೊಂಡರು. ಇನ್ನೂರ ಹದಿನಾಲ್ಕು.

"ಮಿಸನ್ನು ಸರಿಯಾಗೈತೆ. ಸಕ್ಕರೆ ಕಾಯ್ಲೆ ಇರಾದು ನಂಗೆ. ಇದ್ಕಲ್ಲ."

ನಾನು ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವವಳು. ಅಷ್ಟು ಹೊತ್ತಿಗೆ ನನಗೆ ಅರ್ಥವಾಗಬೇಕಿತ್ತು. ಆದರೆ ವಾರಗಟ್ಟಲೆ ನಿದ್ದೆಗೆಟ್ಟಿದ್ದೆ, ಕೊನೆಗೂ ಒಂದು ದಾರಿ ಸಿಕ್ಕಿತೆಂದು ನಂಬಿಕೊಂಡಿದ್ದೆ, ಆ ದಾರಿಗೆ ಇವರು ಅಡ್ಡ ನಿಂತಿದ್ದರು. ನನ್ನ ಬಾಯಿಂದ ಮಾತು ಬಂದೇಬಿಟ್ಟಿತು.

"ಅವರು ಓದಿದ ಡಾಕ್ಟರು. ನೀವು ಡಾಕ್ಟರಲ್ಲ."

ಅವರ ಮುಖ ಒಂದು ಕ್ಷಣ ಬಾಡಿತು. ಆದರೆ ದನಿ ಏರಲಿಲ್ಲ.

"ಅಲ್ಲ ಕಣವ್ವ. ಡಾಕ್ಟ್ರಲ್ಲ ನಾನು. ಆದ್ರೆ ಈ ಸೂಜಿ ಆಕುದ್ರೆ ಇರೋ ಸಕ್ಕರೇನೂ ಇಳ್ದು ಇದು ಸಂಜೆ ಗಂಟ ಇರಾಕಿಲ್ಲ. ಊಟ ಆಕಿ. ಎಲ್ಡು ಗಂಟೆ ಬುಟ್ಟು ಇನ್ನೊಂದ್ಸಲ ನೋಡಾನ. ಆಗ್ಲೂ ಇಂಗೇ ಬಂದ್ರೆ ನನ್ ಮಾತ್ ಕೇಳಿ."

ನಾನು ಸಿರಿಂಜು ಎತ್ತಿಕೊಂಡು ಒಳಗೆ ಹೋದೆ. ಅವರು ಎದ್ದು ಹೋಗಲಿಲ್ಲ. ನಮ್ಮ ಹೊಸಿಲಿನ ಮೇಲೆ ಕೆಂಪಿಯನ್ನು ಕಾಲ ನಡುವೆ ಕೂರಿಸಿಕೊಂಡು ಅಲ್ಲೇ ಕುಳಿತುಬಿಟ್ಟರು. ಅಡುಗೆ ಮನೆಯಲ್ಲಿ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಎಲ್ಡು ಗಂಟೇಲಿ ಮುಳುಗೋಗದೇನೈತೆ? ಆ ಮನ್ಸ ಸುಮ್ಸುಮ್ನೆ ಕೂರಾಕಿಲ್ಲ. ಅನ್ನ ಕಲ್ಸು, ನಾನ್ ಆಕ್ತೀನಿ."

ಎರಡು ಗಂಟೆಯ ನಂತರ ಬಂದದ್ದು ತೊಂಬತ್ತೇಳು. ನಾನು ಔಷಧಿಯನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದೆ.

ಸೋಮವಾರ ನಾನು ಶಾಲೆಗೆ ರಜೆ ಹಾಕಿದೆ. ಆಟೋ ಮಾಡಿಕೊಂಡು ಕಾಂಪೌಂಡರು, ಕೆಂಪಿ, ನಾನು ಮೂವರೂ ಮಂಡ್ಯಕ್ಕೆ ಹೊರಟೆವು. ಅಲ್ಲಿದ್ದ ಸರ್ಕಾರಿ ಪಶುವೈದ್ಯೆ ಓದುವ ಕಾಲದಲ್ಲಿ ತರಬೇತಿಗೆಂದು ಕಿರುಗಾವಲಿಗೆ ಬಂದು, ಹಸುವಿನ ಹೊಟ್ಟೆಯೊಳಗೆ ಕರು ಹೇಗೆ ಮಲಗಿರುತ್ತದೆ ಎಂಬುದನ್ನು ಕಾಂಪೌಂಡರಿಂದಲೇ ಕಲಿತವರು. ಅವರ ಕೋಣೆಯಲ್ಲಿ ಕಾಂಪೌಂಡರು ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿಯಲ್ಲಿ ಕೈಕಟ್ಟಿ ನಿಂತು, ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದರು.

"ಮೂತ್ರದಾಗೈತೆ ಮೇಡಂ, ರಕ್ತದಾಗಿಲ್ಲ. ಉಂಡ್ಮೇಲೂ ಇಲ್ಲ. ಒಳ್ಗಡೆ ಇರೋದು ಸೋರಿ ಓಯ್ತಾ ಐತೆ ಅನ್ನುಸ್ತದೆ. ಕಿಡ್ನೀಲಿ ತಡೀಬೇಕಾದ್ದು ತಡೀತಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿ ಯಾವ ತಳಿ ಎಂದು ಕೇಳಿದರು. ಹೇಳಿದೆ. ಅವರು ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಹುಡುಕಿ, ಒಂದು ಪುಟದಲ್ಲಿ ಬೆರಳಿಟ್ಟು ಬಹಳ ಹೊತ್ತು ಓದಿದರು. ಓದಿ ಮುಗಿಸಿ ಎದ್ದು ನಿಂತರು.

"ಸರ್, ಇದು ಫ್ಯಾಂಕೋನಿ ಅಂತ. ಈ ತಳಿಗೇ ವಂಶದಿಂದ ಬರೋ ಕಾಯಿಲೆ. ನಾನು ಓದಿದ್ದೆ ಅಷ್ಟೇ, ಕಣ್ಣಲ್ಲಿ ನೋಡಿರಲಿಲ್ಲ. ರಕ್ತ ಬೆಂಗಳೂರಿಗೆ ಕಳಿಸಿ ಖಾತ್ರಿ ಮಾಡ್ಕೊಳ್ಳೋಣ. ಆದರೆ ನೀವು ಹೇಳಿದ್ದೇ ಸರಿ. ಇನ್ಸುಲಿನ್ ಹಾಕಿದ್ದರೆ ಇದು ನಿನ್ನೆಯೇ ಹೋಗ್ತಿತ್ತು."

ನಾನು ಬಗ್ಗಿ ಕೆಂಪಿಯನ್ನು ಎದೆಗವಚಿಕೊಂಡೆ. ಕಾಂಪೌಂಡರು ಕೇಳಿದ್ದು ಒಂದೇ ಮಾತು: "ಉಳೀತದಾ ಮೇಡಂ?"

"ದಿನಾ ತಪ್ಪದೆ ಮಾತ್ರೆ ಕೊಟ್ಟರೆ ಬೇರೆ ನಾಯಿಗಳ ಹಾಗೇ ಬದುಕುತ್ತೆ."

ಹಿಂದಿರುಗುವಾಗ ಮಳವಳ್ಳಿಯಲ್ಲಿ ಅವರು ಆಟೋ ನಿಲ್ಲಿಸಿದರು. ಸಕ್ಕರೆ ಇಲ್ಲದ ಟೀ ಕುಡಿಯುವವರು ಅವತ್ತು, "ಎಲ್ಡು ಚಮಚ ಆಕಪ್ಪ," ಎಂದು ಹಾಕಿಸಿಕೊಂಡು ಕುಡಿದರು. ನನ್ನ ಕಡೆ ನೋಡಿ, "ಮನೇಲಿ ಏಳ್ಬ್ಯಾಡಿ," ಎಂದರು.

ಬೆಂಗಳೂರಿನ ವರದಿ ಅದನ್ನೇ ಹೇಳಿತು. ಕ್ಲಿನಿಕ್ಕಿಗೆ ಅದರ ಪ್ರತಿ ಕಳಿಸಿದೆ. ಅಲ್ಲಿನ ಡಾಕ್ಟರು ಫೋನು ಮಾಡಿ, ರಕ್ತ ನೋಡದೆ ಬರೆದದ್ದು ತಮ್ಮ ತಪ್ಪೆಂದು ಒಪ್ಪಿಕೊಂಡು, ಆ ಕಾಂಪೌಂಡರು ಯಾರು ಎಂದು ವಿಚಾರಿಸಿದರು. ಸೋಡಾ ಮಾತ್ರೆ, ಇನ್ನೂ ಎರಡು ಬಗೆಯ ಮಾತ್ರೆ ದಿನಕ್ಕೆರಡು ಹೊತ್ತು ಶುರುವಾದವು. ಕೆಂಪಿ ಎಷ್ಟು ಜಾಣೆಯೆಂದರೆ ಅನ್ನ ತಿಂದು ಮಾತ್ರೆಯನ್ನು ತಟ್ಟೆಯ ಪಕ್ಕ ತೆಗೆದಿಡುತ್ತಿದ್ದಳು. ನಾನೂ ಕಾಂಪೌಂಡರೂ ಸೋತು ಕುಳಿತಾಗ ದಾರಿ ಕಂಡುಹಿಡಿದವರು ಅತ್ತೆ. ಬಿಸಿ ಮುದ್ದೆಯ ತುತ್ತಿನೊಳಗೆ ಮಾತ್ರೆ ಅಡಗಿಸಿ, ತುಪ್ಪದಲ್ಲಿ ಹೊರಳಿಸಿ, ಆರಿದ ಮೇಲೆ ಬಾಯಿಗಿಟ್ಟರು. ಕೆಂಪಿ ಗುಳಕ್ಕನೆ ನುಂಗಿದಳು.

"ಮುದ್ದೆ ಅಗೀಬಾರ್ದು ಅಂತ ಆಫ್ರಿಕಾದ್ ನಾಯಿಗೂ ಗೊತ್ತು. ನಿಮ್ ಓದು ಅತ್ಲಾಗಿಡಿ," ಎಂದು ಅತ್ತೆ ಕೈ ತೊಳೆದರು. ಕಾಂಪೌಂಡರು ಅವರಿಗೆ ಕೈಮುಗಿದರು.

ಮೂರು ತಿಂಗಳಲ್ಲಿ ಪಕ್ಕೆಲುಬು ಮುಚ್ಚಿತು. ಆರನೆಯ ತಿಂಗಳಿಗೆ ಗೋಡೆ ಹಾರಿದಳು. ಅವತ್ತು ಬೈಯುವುದರ ಬದಲು ನಾವು ಮೂವರೂ ಅಂಗಳದಲ್ಲಿ ನಿಂತು ನಕ್ಕೆವು.

ಮರುವರ್ಷ ಮಂಡ್ಯದ ಡಾಕ್ಟರು ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಕೆಂಪಿಯನ್ನು ತೋರಿಸಬೇಕೆಂದು ಕರೆದರು. ಕಾಂಪೌಂಡರನ್ನೂ ಬರಲೇಬೇಕೆಂದರು. ನಲವತ್ತು ಮಂದಿ ಕುಳಿತಿದ್ದ ಕೋಣೆಯಲ್ಲಿ ಅವರನ್ನು ಮುಂದೆ ನಿಲ್ಲಿಸಿ, "ಈ ಜಿಲ್ಲೆಯಲ್ಲಿ ನಾನು ನೋಡಿದ ಮೊದಲ ಕೇಸು ಇದು. ಕಂಡುಹಿಡಿದವರು ಇವರು," ಎಂದರು. ಹೇಗೆ ಗೊತ್ತಾಯಿತು ಎಂದು ಒಬ್ಬ ಹುಡುಗಿ ಕೇಳಿದಳು.

"ನಂಗೇನೂ ಗೊತ್ತಿರ್ಲಿಲ್ಲ ಕಣವ್ವ," ಎಂದರು ಅವರು. "ಅನುಮಾನ ಬಂತು. ಅನುಮಾನ ಬಂದಾಗ ಕೈ ಕಟ್ಕಂಡಿರೋದ್ನ ಕಲ್ತಿದ್ದೆ, ಅಷ್ಟೇಯ. ನೀವೂ ಅಷ್ಟ್ ಕಲೀರಿ."

ವಿದ್ಯಾರ್ಥಿಗಳೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಕೆಂಪಿ ಕತ್ತೆತ್ತಿ ದನಿ ತೆಗೆದಳು. ಮೂವತ್ತನಾಲ್ಕು ವರ್ಷ ಡಾಕ್ಟರರ ಹಿಂದೆ ಬಕೆಟ್ಟು ಹಿಡಿದು ನಿಂತಿದ್ದ ಮನುಷ್ಯ, ನಗಬೇಕೋ ಅಳಬೇಕೋ ತಿಳಿಯದೆ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತರು. ಹಿಂದಿರುಗುವಾಗ ಕಾರಿನಲ್ಲಿ ನಾನು, ಆ ಭಾನುವಾರ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ನಾಯಿ ಮ್ಯಾಲೆ ಪ್ರಾಣ ಮಡಿಕಂಡೋರು ಅಂಗೇ ಮಾತಾಡಾದು. ಆಡ್ದೆ ಇದ್ದಿದ್ರೆ ನಾನೇ ಬೇಜಾರ್ ಮಾಡ್ಕತಿದ್ದೆ," ಎಂದರು.

ಹೋದ ವರ್ಷ ಒಂದು ಮಧ್ಯಾಹ್ನ ಕಾಂಪೌಂಡರು ಊಟ ಮಾಡಿ, ಜಗುಲಿಯ ಮೇಲೆ ಗೋಡೆಗೊರಗಿ ಕುಳಿತವರು ಏಳಲಿಲ್ಲ. ಹೃದಯಾಘಾತ ಎಂದರು. ಮಂಡ್ಯದ ಡಾಕ್ಟರು ಬಂದು ಕಾಲಿಗೆ ನಮಸ್ಕಾರ ಮಾಡಿ ಹೋದರು. ಸುತ್ತಲ ಹಳ್ಳಿಗಳಿಂದ ಬಂದವರು ನಮ್ಮ ಬೀದಿ ತುಂಬಿ ಹೊರಗಿನ ರಸ್ತೆಯವರೆಗೂ ನಿಂತಿದ್ದರು.

ಕೆಂಪಿಗೆ ಈಗ ಹನ್ನೆರಡು. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಈ ವಯಸ್ಸಿನಲ್ಲಿ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ ಎಂದು ಡಾಕ್ಟರು ಕಾಗದವನ್ನು ನನ್ನ ಕೈಗಿಟ್ಟರು. ಮನೆಗೆ ಹೋಗುವ ಮೊದಲು ಅದನ್ನು ಕಾಂಪೌಂಡರ ಹೆಂಡತಿಗೆ ತೋರಿಸಬೇಕೆನಿಸಿತು. ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಂತೆ?" ಎಂದರು.

"ಗಟ್ಟಿಮುಟ್ಟಾಗಿದಾಳಂತೆ."

"ಅವ್ರಿಗ್ ಗೊತ್ತಿತ್ತು," ಎಂದರು ಅವರು. "ಮಂಡ್ಯದಿಂದ ಬಂದ್ ದಿನಾನೇ ಏಳಿದ್ರು, ಈ ನಾಯಿ ನನ್ಗಿಂತ ಜಾಸ್ತಿ ದಿನ ಇರ್ತದೆ ನೋಡ್ತಿರು ಅಂತ. ಎಷ್ಟ್ ಕುಸಿಯಾಗಿ ಏಳಿದ್ರು ಗೊತ್ತಾ ಅದ್ನ."