ಒಂಬತ್ತನೇ ಸ್ಪೀಡು

ಸುಷ್ಮಾಳಿಗೆ ಈಗ ಮೂವತ್ತೇಳು. ಸಾಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದ್ದೊಂದು ಜೆರಾಕ್ಸ್ ಅಂಗಡಿ. ಅಲ್ಲೇ ಆನ್‌ಲೈನ್ ಅರ್ಜಿಗಳನ್ನೂ ತುಂಬಿಸಿಕೊಡುತ್ತಾಳೆ. ಕೆಲಸದ ಮುಕ್ಕಾಲು ಪಾಲು ಕಾಯುವುದೇ. ನೆಟ್ ಬರಬೇಕು, ಒಟಿಪಿ ಬರಬೇಕು, ಒಟಿಪಿ ಬರುವ ಮೊಬೈಲನ್ನು ಮಗ ತೋಟಕ್ಕೆ ಒಯ್ದಿದ್ದಾನೆಂದರೆ ಆ ಮಗನೂ ಬರಬೇಕು. ಎದುರಿಗೆ ಕೂತವರು ಮಾತ್ರ ಇವಳೇ ಬೇಕಂತ ತಡಮಾಡುತ್ತಿದ್ದಾಳೆ ಅನ್ನುವ ಹಾಗೆ ನೋಡುತ್ತಿರುತ್ತಾರೆ.

ಹೋದ ಬೇಸಿಗೆಯಲ್ಲಿ ಹಾಗೆ ಕಾಯುತ್ತ ಕೂತಿದ್ದಾಗ ತನ್ನ ಎರಡೂ ಹೆಬ್ಬೆರಳು ಮೇಜಿನ ಅಂಚನ್ನು ಒತ್ತುತ್ತಿರುವುದನ್ನು ಅವಳೇ ಕಂಡಳು. ಎಡ, ಎಡ, ಬಲ. ಚಿಕ್ಕಂದಿನ ವಿಡಿಯೊ ಗೇಮಿನ ಕಾರಾಟದ ಒತ್ತು ಅದು. ಇಪ್ಪತ್ತಾರು ವರ್ಷದ ಮೇಲೂ ಬೆರಳು ಮರೆತಿರಲಿಲ್ಲ.

ಅವಳು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ದುಗ್ಗಮ್ಮ ಜೋಗದಲ್ಲಿ ಚಹಾದಂಗಡಿ ಇಟ್ಟಿದ್ದಳು. ಜಲಪಾತ ನೋಡಲು ಬಂದ ಯಾರೋ ಬೆಂಚಿನ ಮೇಲೆ ಒಂದು ವಿಡಿಯೊ ಗೇಮ್ ಮರೆತು ಹೋದರು. ಅಂಗೈಯಗಲದ ಬೂದು ಪೆಟ್ಟಿಗೆ, ಹಳದಿ ಗುಂಡಿಗಳು. "ಬೇರೆಯವರ ಸಾಮಾನು. ಮುಟ್ಟಿದ್ರೆ ಕೈ ಮುರೀತೀನಿ" ಎಂದು ಅಮ್ಮ ಅದನ್ನು ಸಕ್ಕರೆ ಡಬ್ಬದ ಪಕ್ಕದಲ್ಲಿಟ್ಟಳು. ದೀಪಾವಳಿ ಕಳೆದರೂ ಯಾರೂ ಕೇಳಿಕೊಂಡು ಬರಲಿಲ್ಲ. ಆಮೇಲೆ ಅದು ಮಕ್ಕಳ ಕೈಗೆ ಬಂತು.

ಇಟ್ಟಿಗೆ ಜೋಡಿಸುವುದು, ಹಾವು, ಟ್ಯಾಂಕು, ಕಪ್ಪೆ ರಸ್ತೆ ದಾಟಿಸುವುದು, ಎಲ್ಲ ಇತ್ತು ಅದರಲ್ಲಿ. ಸುಷ್ಮಾಳಿಗೆ ಕಾರಾಟವೇ ಪ್ರಾಣ. ಎದುರಿನಿಂದ ಬರುವ ಕಾರುಗಳನ್ನು ತಪ್ಪಿಸುತ್ತ ಹೋಗಬೇಕು. ತಪ್ಪಿಸಿದಷ್ಟೂ ಸ್ಪೀಡು ಏರುತ್ತದೆ. ಅಣ್ಣ ಸುನಿಲ್ ಒಂದು ಕಾನೂನು ಮಾಡಿದ್ದ: ಒಬ್ಬರ ಕಾರು ಒಡೆಯುವವರೆಗೂ ಇನ್ನೊಬ್ಬರು ಕೇಳಬಾರದು. ಅವನ ಕಾರು ಬೇಗ ಒಡೆಯುತ್ತಿರಲಿಲ್ಲ. ಅವಳ ಆಟ ಹೆಚ್ಚೂಕಡಿಮೆ ಅವನ ಭುಜದ ಮೇಲಿಂದ ನೋಡುವುದರಲ್ಲೇ ಮುಗಿಯುತ್ತಿತ್ತು.

ಮುಂದಿನ ಏಪ್ರಿಲ್‌ನಲ್ಲಿ ಜಲಪಾತ ನೂಲಿನೆಳೆಯಾಗಿತ್ತು, ಅಂಗಡಿಗೆ ಜನವಿರಲಿಲ್ಲ. ಸುನಿಲ್ ಅಪ್ಪನ ಜೊತೆ ವರದಹಳ್ಳಿಗೆ ಹೋಗಿದ್ದ. ಅವತ್ತು ಸುಷ್ಮಾ ಒಬ್ಬಳೇ ಬೆಂಚಿನ ಮೇಲೆ ಕೂತು ಒಂಬತ್ತನೇ ಸ್ಪೀಡಿಗೆ ಹೋದಳು. ಅಣ್ಣ ಏಳು ದಾಟಿದವನಲ್ಲ. ಕಾರು ಒಡೆದ ಮೇಲೆ ಅಂಕೆಗಳು ಪರದೆಯ ಮೇಲೆ ಹಾಗೇ ನಿಂತಿದ್ದವು. ಅವನು ಬಂದು ನೋಡಲಿ ಎಂದು ಗುಂಡಿ ಮುಟ್ಟದೆ ಮೆಲ್ಲಗೆ ಕೆಳಗಿಟ್ಟು ನೀರು ತರಲು ಹೋದಳು. ಅಷ್ಟರಲ್ಲಿ ರೇಡಿಯೊ ನಿಂತಿತೆಂದು ದುಗ್ಗಮ್ಮ ಗೇಮಿನ ಸೆಲ್ ಬಿಚ್ಚಿ ರೇಡಿಯೊಗೆ ಹಾಕಿಕೊಂಡಳು.

"ಒಂಬತ್ತಂತೆ" ಎಂದ ಸುನಿಲ್. "ಸುಳ್ಳಿ."

ಅಲ್ಲಿಗೆ ಮುಗಿಯಲಿಲ್ಲ. ಶಾಲೆ ಶುರುವಾದ ಮೇಲೆ ಹುಡುಗರೆಲ್ಲ ಅವಳನ್ನು 'ಒಂಬತ್ತನೇ ಸ್ಪೀಡು' ಎಂದೇ ಕರೆದರು. ಹೈಸ್ಕೂಲು ಮುಗಿಯುವವರೆಗೂ ಆ ಹೆಸರು ಬಿಡಲಿಲ್ಲ. ಗೇಮು ಮಾತ್ರ ಅದೇ ಮಳೆಗಾಲದಲ್ಲಿ ಥಂಡಿ ಹಿಡಿದು ಸತ್ತಿತು. ಇನ್ನೊಮ್ಮೆ ಆಡಿ ತೋರಿಸುವ ದಾರಿಯೂ ಇಲ್ಲವಾಯಿತು.

ಈಗ ಅವಳು ಆನ್‌ಲೈನ್‌ನಲ್ಲಿ ಹುಡುಕಿ ಒಂದನ್ನು ತರಿಸಿದಳು. ನಾನೂರು ಆಟ, ಬಣ್ಣದ ಪರದೆ, ಕಿವಿ ಕೊರೆಯುವ ಸಂಗೀತ. ನಾನೂರರಲ್ಲಿ ಕಾರಾಟವಿರಲಿಲ್ಲ. ವಾಪಸು ಕಳಿಸಿ ಇನ್ನೊಂದು ತರಿಸಿದಳು. ಅದರಲ್ಲಿ ಕಾರಾಟವಿತ್ತು, ಆದರೆ ಎಡಗುಂಡಿಯನ್ನು ಎರಡು ಸಲ ಒತ್ತದೆ ಕಾರು ಅಲ್ಲಾಡುತ್ತಿರಲಿಲ್ಲ. ಪಿಂಚಣಿ ಅರ್ಜಿಗೆ ಬಂದಿದ್ದ ಹಾಲಮ್ಮ ಅವಳ ಮುಖವನ್ನೇ ನೋಡುತ್ತ, "ಏನು ಮಗಾ, ನನ್ನ ಅರ್ಜಿ ತಿರಸ್ಕಾರ ಆಯ್ತಾ?" ಎಂದು ಕೇಳಿದಳು.

ಹೊಸನಗರದ ಮಹಾಗಣಪತಿ ಎಂಬವರ ಫ್ಯಾನ್ಸಿ ಸ್ಟೋರಿನಲ್ಲಿ ಹಳೆಯ ಪೀಸೊಂದು ಇದೆಯೆಂದು ಯಾರೋ ಹೇಳಿದರು. ಭಾನುವಾರ ಬಸ್ಸು ಹತ್ತಿ ಹೋದಳು. ಬಳೆಗಳ ಹಿಂದಿನ ಧೂಳಿನಿಂದ ಅವರು ತೆಗೆದದ್ದು ಅದೇ ಬೂದು ಪೆಟ್ಟಿಗೆ, ಅದೇ ಹಳದಿ ಗುಂಡಿ. ಸೆಲ್ ಹಾಕಿದರೆ ಪರದೆಯ ಬಲಬದಿಯ ಎರಡು ಸಾಲು ಮೂಡುತ್ತಿರಲಿಲ್ಲ.

"ಮಕ್ಕಳಿಗಾ?" ಎಂದು ಕೇಳಿದರು ಮಹಾಗಣಪತಿ.

"ನಂಗೇ" ಎಂದಳು. ಅವರು ಧೂಳು ಒರೆಸಿ ಪೊಟ್ಟಣ ಕಟ್ಟಿಕೊಟ್ಟರು.

ಒಂದು ತಿಂಗಳು ಬಿಡದೆ ಆಡಿದಳು. ಬಲಗಡೆಯ ಕಾರು ಅರ್ಧವೇ ಕಾಣುವುದರಿಂದ ಅದನ್ನು ಅಂದಾಜಿನಲ್ಲೇ ತಪ್ಪಿಸಬೇಕು. ನಾಲ್ಕು, ಹೆಚ್ಚೆಂದರೆ ಐದನೇ ಸ್ಪೀಡು. ಹೆಬ್ಬೆರಳಿನ ಗಂಟು ನೋಯತೊಡಗಿತು. ಬೆರಳಿಗೆ ನೆನಪಿತ್ತು, ಆದರೆ ಆ ಚುರುಕಿರಲಿಲ್ಲ.

ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ತೀರ್ಥಹಳ್ಳಿಯಲ್ಲಿದ್ದ ಸುನಿಲ್, ಸಾಮಾನು ತರಲು ಸಾಗರಕ್ಕೆ ಬಂದವನು ಅಂಗಡಿಗೂ ಬಂದ. ಮೇಜಿನ ಮೇಲಿದ್ದ ಗೇಮನ್ನು ಎತ್ತಿಕೊಂಡು, ಚಹಾ ಬರುವಷ್ಟರಲ್ಲಿ, ಪಂಪಿನ ಮಾತಾಡುತ್ತಲೇ ಆರನೇ ಸ್ಪೀಡಿಗೆ ಹೋಗಿ ಕೆಳಗಿಟ್ಟ.

"ಇದ್ರಲ್ಲಿ ಎಂತ ಇತ್ತು ಅಂತ ಅಷ್ಟು ಜಗಳ ಆಡ್ತಿದ್ವಿ ಮಾರಾಯ್ತಿ?"

ಸುಷ್ಮಾಳಿಗೆ ಮೈಯೆಲ್ಲ ಉರಿಯಿತು. "ನಾನು ಅವತ್ತು ಒಂಬತ್ತಕ್ಕೆ ಹೋಗಿದ್ದೆ."

"ಯಾವತ್ತು?"

"ನೀನು ವರದಹಳ್ಳಿಗೆ ಹೋಗಿದ್ದಾಗ. ಸುಳ್ಳಿ ಅಂದಿದ್ದೆ. ಶಾಲೆಯಲ್ಲೆಲ್ಲ ಹೆಸರಿಟ್ಟಿದ್ದೆ."

ಅವನು ನಿಜವಾಗಿಯೂ ಯೋಚಿಸಿದ. ಮುಖದಲ್ಲಿ ಕಪಟವಿರಲಿಲ್ಲ, ಅವಳಿಗೆ ತಡೆಯಲಾಗದೆ ಹೋದದ್ದೇ ಅದು. "ನಂಗೆ ನೆನಪಿಲ್ವೇ" ಎಂದ. "ಆಯ್ತು, ಹೋಗಿದ್ದೆ ಅಂತಲೇ ಇಟ್ಕೊ."

"ಇಟ್ಕೊಳ್ಳೋದು ಎಂತದು? ಹೋಗಿದ್ದೆ."

"ಅಷ್ಟು ಸಣ್ಣ ವಿಷಯಕ್ಕೆ..."

"ಹೆಸರು ಹೊತ್ತುಕೊಂಡು ತಿರುಗಿದವಳು ನಾನು, ನೀನಲ್ಲ."

ಕೂತಿದ್ದ ಇಬ್ಬರು ಗಿರಾಕಿಗಳು ತಲೆ ತಗ್ಗಿಸಿದರು. ಸುನಿಲ್ ಲೋಟ ಕೆಳಗಿಟ್ಟು, "ಬಸ್ಸಿಗೆ ಹೊತ್ತಾಯ್ತು, ಹೋಗ್ತೀನಿ" ಎಂದು ಎದ್ದ. ಅವಳು ಬಾಗಿಲವರೆಗೂ ಹೋಗಲಿಲ್ಲ.

ಮೂರು ವಾರ ಇಬ್ಬರೂ ಫೋನ್ ಮಾಡಲಿಲ್ಲ. ಆಮೇಲೆ ಅಮ್ಮನ ಕಣ್ಣಿನ ಆಪರೇಷನ್ ಬಂತು. ಯಾವ ದಿನ, ಯಾರ ಗಾಡಿ ಎಂದು ಮಾತಾಡಲೇಬೇಕಾಯಿತು. ಮಾತು ಮುಗಿಯುವಾಗ ಅವನು, "ನಾನು ಹಾಗೆ ಅಂದಿರ್ಬಹುದು ಸುಷ್ಮಾ. ಅಂದಿದ್ರೆ ತಪ್ಪಾಯ್ತು" ಎಂದ.

ಅಂದಿದ್ರೆ. ಆ ಮಾತು ಅವಳಿಗೆ ಸಾಲಲಿಲ್ಲ. ಇದಕ್ಕಿಂತ ಹೆಚ್ಚಿನದು ಅವನ ಹತ್ತಿರ ಇಲ್ಲವೆಂದೂ ತಿಳಿಯಿತು. ಮರೆತವನು ಇನ್ನೆಂತ ತಾನೇ ಕೊಟ್ಟಾನು? "ಹೂಂ, ಸೋಮವಾರ ಬೇಗ ಬಾ" ಎಂದು ಫೋನಿಟ್ಟಳು.

ಹಾಲಮ್ಮ ಮತ್ತೆ ಬಂದು ಕೂತಿದ್ದಳು. ಕಂಪ್ಯೂಟರ್ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು.

"ಬಂತಾ ಮಗಾ?"

"ಇಲ್ಲ" ಎಂದಳು ಸುಷ್ಮಾ. "ಕೂತ್ಕೊಳ್ಳಿ."